ಸ್ವಿಂಗ್‌ನ ಇಳಿಗಾಲ, ಬೀಬಾಪ್‌ನ ಉದಯ

ಬೀಬಾಪ್ 1940ರ ದಶಕದ ಮೊದಲ ಅರ್ಧದಲ್ಲಿ ನ್ಯೂಯಾರ್ಕ್ ನಗರದಲ್ಲಿ ರೂಪ ತಳೆದ ಜಾಝ್ ಶೈಲಿ. ನಾಲ್ಕೈದು ವಾದಕರ ಚಿಕ್ಕ ತಂಡ, ಅತಿವೇಗದ ನಡೆ, ಒಡೆದು ಹರಡಿದ ಲಯ, ಮೊದಲ ಕೇಳ್ಮೆಗೆ ಒಗರೆನಿಸುವ ಸ್ವರಗಳು, ಎಲ್ಲಕ್ಕಿಂತ ಮಿಗಿಲಾಗಿ ವಾದಕನ ಮನೋಧರ್ಮಕ್ಕೆ ಸಿಕ್ಕ ಅಗ್ರಸ್ಥಾನ ಇದರ ಗುರುತುಗಳು. ಸುಮಾರು 1935ರಿಂದ 1945ರವರೆಗಿನ ಹತ್ತು ವರ್ಷ ಅಮೆರಿಕದ ಜನಪ್ರಿಯ ಸಂಗೀತವೆಂದರೆ ಸ್ವಿಂಗ್ ಆಗಿತ್ತು. ಹದಿನೈದು ಮಂದಿಯ ದೊಡ್ಡ ಬ್ಯಾಂಡ್, ಬರೆದಿಟ್ಟ ವಾದ್ಯಸಂಯೋಜನೆ, ವಿಶಾಲವಾದ ನೃತ್ಯಶಾಲೆ, ಅಲ್ಲಿ ಕುಣಿಯಲೆಂದೇ ಬಂದ ಜನ ಇವೆಲ್ಲ ಸೇರಿ ಸ್ವಿಂಗ್.

ಬೀಬಾಪ್ ಬಂದು ಸ್ವಿಂಗ್ ಅನ್ನು ಕೊಂದಿತು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ನಡೆದದ್ದನ್ನು ವರ್ಷವರ್ಷಕ್ಕೆ ಜೋಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ದೊಡ್ಡ ಬ್ಯಾಂಡ್‌ಗಳನ್ನು ಮುಳುಗಿಸಿದ್ದು ಯುದ್ಧ, ಮುಷ್ಕರ, ತೆರಿಗೆ ಮತ್ತು ಏರಿದ ಖರ್ಚು. ಬೀಬಾಪ್ ಹುಟ್ಟಿದ್ದು ಅದೇ ಬ್ಯಾಂಡ್‌ಗಳಲ್ಲಿ ಸಂಬಳಕ್ಕೆ ನುಡಿಸುತ್ತಿದ್ದವರ ಕೈಯಲ್ಲಿ, ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ.

ಕುಣಿತದ ದಶಕ

ಸ್ವಿಂಗ್‌ನ ಬೇರುಗಳು 1920ರ ದಶಕದ ಕಪ್ಪು ಜನರ ಬ್ಯಾಂಡ್‌ಗಳಲ್ಲಿವೆ. ತುತ್ತೂರಿಗಳ ಗುಂಪೊಂದು ಕರೆದರೆ ಸ್ಯಾಕ್ಸಫೋನ್‌ಗಳ ಗುಂಪು ಉತ್ತರಿಸುವ ವಿನ್ಯಾಸವನ್ನು ಫ್ಲೆಚರ್ ಹೆಂಡರ್ಸನ್ ನ್ಯೂಯಾರ್ಕಿನಲ್ಲಿ ಹದಗೊಳಿಸಿದ. ಆದರೆ ಅದು ದೇಶವ್ಯಾಪಿ ಹುಚ್ಚಾದದ್ದು ಬಿಳಿಯ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅದೇ ಹೆಂಡರ್ಸನ್ ಬರೆದುಕೊಟ್ಟ ಸಂಯೋಜನೆಗಳನ್ನು ನುಡಿಸಿದಾಗ. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಗುಡ್‌ಮನ್‌ಗೆ ಸಿಕ್ಕ ಸ್ವಾಗತವನ್ನು ಸ್ವಿಂಗ್ ಯುಗದ ಆರಂಭವೆಂದು ಎಣಿಸುವ ರೂಢಿಯಿದೆ. ಆತನ ರೇಡಿಯೊ ಕಾರ್ಯಕ್ರಮ ಪೂರ್ವ ಕರಾವಳಿಯಲ್ಲಿ ಜನ ಮಲಗುವ ಹೊತ್ತಿಗೆ ಬರುತ್ತಿತ್ತು. ಮೂರು ಗಂಟೆ ಹಿಂದಿರುವ ಕ್ಯಾಲಿಫೋರ್ನಿಯದಲ್ಲಿ ಅದು ಸಂಜೆಯ ಹೊತ್ತು, ಹಾಗಾಗಿ ಅಲ್ಲಿನ ಹರೆಯದವರಿಗೆ ಈ ಸಂಗೀತ ಆಗಲೇ ಬಾಯಿಪಾಠವಾಗಿತ್ತು.

ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ 1926ರಲ್ಲಿ ತೆರೆದ ಸವಾಯ್ ನೃತ್ಯಶಾಲೆ ಈ ಸಂಗೀತದ ನಿಜವಾದ ಮನೆ. ಬಿಳಿಯರೂ ಕಪ್ಪು ಜನರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ವಿರಳ ಜಾಗ ಅದು. ಎರಡು ಬ್ಯಾಂಡ್‌ಗಳನ್ನು ಎದುರುಬದುರು ನಿಲ್ಲಿಸಿ ಪೈಪೋಟಿ ನಡೆಸುವುದು ಅಲ್ಲಿನ ಪದ್ಧತಿ. 1937ರ ಮೇ ತಿಂಗಳಲ್ಲಿ ಗುಡ್‌ಮನ್ ಬ್ಯಾಂಡ್ ಅಲ್ಲಿ ಚಿಕ್ ವೆಬ್‌ನ ಬ್ಯಾಂಡಿಗೆ ಸೋತಿತು. ಅದರ ಮರುವರ್ಷ, 1938ರ ಜನವರಿ 16ರಂದು, ಗುಡ್‌ಮನ್ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಕೊಟ್ಟ. ಕುಣಿತದ ಸಂಗೀತವನ್ನು ಕುರ್ಚಿಯಲ್ಲಿ ಕುಳಿತು ಕೇಳಬಹುದು ಎಂಬುದು ಅಂದು ದೊಡ್ಡ ಸಂಗತಿಯಾಗಿತ್ತು. ಕೇಳುವುದಕ್ಕೆಂದೇ ನುಡಿಸುವ ಜಾಝ್‌ಗೆ ಬೀಬಾಪ್ ವಾದಕರು ದಾರಿ ಹಾಕಿದರು ಎನ್ನುವವರು ಈ ಕಛೇರಿಯನ್ನು ಮರೆಯಬಾರದು.

ಕಾನ್ಸಾಸ್ ಸಿಟಿಯಿಂದ ಬಂದ ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಬರಹಕ್ಕಿಂತ ಬ್ಲೂಸ್ ಮತ್ತು ಮನೋಧರ್ಮದ ಪಾಲು ಹೆಚ್ಚು. ಅಲ್ಲಿ ಡ್ರಮ್ ವಾದಕ ಜೋ ಜೋನ್ಸ್ ಕಾಲಿನ ದೊಡ್ಡ ಡ್ರಮ್ಮಿನ ಭಾರವನ್ನು ಇಳಿಸಿ, ಲಯವನ್ನು ಜೋಡಿ ತಾಳತಟ್ಟೆಗಳ ಮೇಲೆ ತೇಲಿಬಿಟ್ಟ. ಟೆನರ್ ಸ್ಯಾಕ್ಸಫೋನ್ ವಾದಕ ಲೆಸ್ಟರ್ ಯಂಗ್ ಬಾರ್ ಎಂಬ ತಾಳದ ಅಳತೆಗಳ ಗೆರೆಯನ್ನು ಲೆಕ್ಕಿಸದೆ ಉದ್ದುದ್ದ ಎಳೆಗಳನ್ನು ನೇಯ್ದ. ಡ್ಯೂಕ್ ಎಲಿಂಗ್ಟನ್‌ನ ಬ್ಯಾಂಡಿನಲ್ಲಿ ಜಿಮ್ಮಿ ಬ್ಲ್ಯಾಂಟನ್ ಬಾಸ್ ವಾದ್ಯದಲ್ಲಿ ರಾಗ ನುಡಿಸಿ ತೋರಿಸಿದ. 1939ರ ಅಕ್ಟೋಬರ್‌ನಲ್ಲಿ ಕೋಲ್ಮನ್ ಹಾಕಿನ್ಸ್ ಧ್ವನಿಮುದ್ರಿಸಿದ ‘ಬಾಡಿ ಅಂಡ್ ಸೋಲ್’ ಮೂಲ ರಾಗವನ್ನು ಬಹುಬೇಗ ಬಿಟ್ಟು, ಉಳಿದ ಹೊತ್ತೆಲ್ಲ ಅದರ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಮೇಲೆ ಹೊಸ ಕಲ್ಪನೆಯನ್ನೇ ಕಟ್ಟುತ್ತದೆ. ಬೀಬಾಪ್ ಬಳಸಿದ ಸಾಮಗ್ರಿಯಲ್ಲಿ ಬಹುಪಾಲು ಸ್ವಿಂಗ್‌ನ ಉಗ್ರಾಣದಲ್ಲೇ ಇತ್ತು ಎಂದರೆ ತಪ್ಪಿಲ್ಲ.

ಯುದ್ಧದ ಪೆಟ್ಟು

1941ರ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಬ್ಯಾಂಡ್‌ಗಳಿಗೆ ಒಂದರ ಹಿಂದೆ ಒಂದರಂತೆ ಪೆಟ್ಟು ಬಿತ್ತು. ಮೊದಲು ಆಳುಗಳೇ ಹೋದರು. ಕಡ್ಡಾಯ ಸೈನಿಕ ಸೇವೆಗೆ ವಾದಕರನ್ನು ಕರೆದುಕೊಂಡಾಗ ಉಳಿದ ಒಳ್ಳೆಯವರಿಗೆ ಬ್ಯಾಂಡ್ ಮುಖಂಡರು ಹೆಚ್ಚು ಸಂಬಳ ಕೊಡಬೇಕಾಯಿತು. ಅಂದಿನ ಅತಿ ಜನಪ್ರಿಯ ಮುಖಂಡ ಗ್ಲೆನ್ ಮಿಲ್ಲರ್ 1942ರಲ್ಲಿ ತಾನೇ ಸೈನ್ಯ ಸೇರಿದ. 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಆತನಿದ್ದ ವಿಮಾನ ಕಣ್ಮರೆಯಾಯಿತು. ಖಾಲಿಯಾದ ವೇದಿಕೆಗಳಲ್ಲಿ ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ನಂಥ ಮಹಿಳಾ ಬ್ಯಾಂಡ್‌ಗಳಿಗೆ ಸ್ವಲ್ಪ ಅವಕಾಶ ದೊರೆಯಿತು. ಅವರ ಸಾಮರ್ಥ್ಯಕ್ಕೆ ತಕ್ಕ ಸ್ಥಾನ ಇತಿಹಾಸಗಳಲ್ಲಿ ಸಿಕ್ಕಿದ್ದು ತೀರ ಈಚೆಗೆ.

ಪೆಟ್ರೋಲ್ ಮತ್ತು ಟೈರಿಗೆ ಪಡಿತರ ಬಂತು. 1942ರಲ್ಲಿ ಬಾಡಿಗೆ ಬಸ್ಸುಗಳ ಮೇಲೆ ನಿರ್ಬಂಧ ಬಿತ್ತು. ಇದರ ನೋವು ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಒಂದೇ ಹೋಟೆಲಿನಲ್ಲಿ ವಾರಗಟ್ಟಲೆ ನುಡಿಸುವ ಅವಕಾಶ, ರೇಡಿಯೊ ಪ್ರಾಯೋಜಕತ್ವ ಇವೆಲ್ಲ ಹೆಚ್ಚಾಗಿ ಬಿಳಿಯರ ಬ್ಯಾಂಡ್‌ಗಳಿಗೆ ಮೀಸಲು. ಕಪ್ಪು ಬ್ಯಾಂಡ್‌ಗಳ ಜೀವನೋಪಾಯವೆಂದರೆ ದಿನಕ್ಕೊಂದು ಊರು, ರಾತ್ರಿಗೊಂದು ಕಛೇರಿ. ವರ್ಣಭೇದದ ದಕ್ಷಿಣ ರಾಜ್ಯಗಳಲ್ಲಿ ತಂಗಲು ಹೋಟೆಲು, ಉಣ್ಣಲು ಜಾಗ ಸಿಗದೆ ಬಸ್ಸೇ ಅವರಿಗೆ ಮನೆಯಾಗಿತ್ತು. ಬಸ್ಸು ನಿಂತರೆ ದುಡಿಮೆಯೂ ನಿಂತಂತೆ.

ಗ್ರಾಮಫೋನ್ ತಟ್ಟೆಗಳ ಕಥೆ ಬೇರೆ. ಅವನ್ನು ಮಾಡಲು ಬೇಕಾದ ಷೆಲ್ಯಾಕ್, ಅಂದರೆ ಅರಗಿನಿಂದ ತೆಗೆದ ರಾಳ, ಹೆಚ್ಚಾಗಿ ಭಾರತದಿಂದ ಹಡಗಿನಲ್ಲಿ ಹೋಗುತ್ತಿತ್ತು. ಯುದ್ಧದಿಂದ ಸಮುದ್ರಮಾರ್ಗ ಕಷ್ಟವಾಯಿತು, ಸೈನ್ಯಕ್ಕೂ ಅದೇ ಅರಗು ಬೇಕಾಯಿತು. 1942ರಲ್ಲಿ ಅಮೆರಿಕ ಸರಕಾರ ತಟ್ಟೆ ತಯಾರಿಕೆಗೆ ಕೊಡುವ ಷೆಲ್ಯಾಕನ್ನು ಶೇ. 70ರಷ್ಟು ಕಡಿತಗೊಳಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ವಾದಕರ ಒಕ್ಕೂಟವೇ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ರೇಡಿಯೊ ಮತ್ತು ಜ್ಯೂಕ್‌ಬಾಕ್ಸ್‌ಗಳಲ್ಲಿ ತಟ್ಟೆ ತಿರುಗುತ್ತಿರುವಾಗ ಜೀವಂತ ವಾದಕನಿಗೆ ಕೆಲಸವೆಲ್ಲಿ ಎಂಬುದು ಒಕ್ಕೂಟದ ಅಧ್ಯಕ್ಷ ಜೇಮ್ಸ್ ಪೆಟ್ರಿಲೊನ ಪ್ರಶ್ನೆ. ಮಾರಾಟವಾದ ಪ್ರತಿ ತಟ್ಟೆಗೂ ವಾದಕರ ನಿಧಿಗೆ ಹಣ ಬರಬೇಕೆಂದು ಆತ ಪಟ್ಟು ಹಿಡಿದ. ಡೆಕ್ಕಾ ಕಂಪನಿ 1943ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ವಿಕ್ಟರ್ ಮತ್ತು ಕೊಲಂಬಿಯ 1944ರ ನವೆಂಬರ್‌ವರೆಗೂ ಜಗ್ಗಲಿಲ್ಲ.

ವಾದಕರ ಹಿತಕ್ಕೆಂದು ಹೂಡಿದ ಈ ಮುಷ್ಕರದ ಫಲ ಗಾಯಕರ ಪಾಲಾಯಿತು. ಗಾಯಕರು ಒಕ್ಕೂಟದ ಸದಸ್ಯರಲ್ಲ, ಆದ್ದರಿಂದ ವಾದ್ಯಗಳ ಬದಲಿಗೆ ಹಿಮ್ಮೇಳದ ಕಂಠಗಳನ್ನು ಇಟ್ಟುಕೊಂಡು ಅವರು ಧ್ವನಿಮುದ್ರಿಸಬಹುದಿತ್ತು. ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಹಾಡುತ್ತಿದ್ದ ಫ್ರಾಂಕ್ ಸಿನಾತ್ರಾ 1942ರಲ್ಲಿ ಅದನ್ನು ಬಿಟ್ಟು ಒಂಟಿ ತಾರೆಯಾದ. ಬ್ಯಾಂಡಿನ ಹೆಸರಿಗೆ ಬರುತ್ತಿದ್ದ ಜನ ಇನ್ನು ಗಾಯಕನ ಹೆಸರಿಗೆ ಬರತೊಡಗಿದರು. ಹಿಂದೆ ಕೂತ ಹದಿನೈದು ವಾದಕರು ಯಾರೆಂದು ಕೇಳುವವರು ಕಡಿಮೆಯಾದರು.

1944ರ ಏಪ್ರಿಲ್‌ನಿಂದ ಕ್ಯಾಬರೆ ತೆರಿಗೆ ಶೇ. 30ಕ್ಕೆ ಏರಿತು. ಕುಣಿತ ಅಥವಾ ಹಾಡುಗಾರಿಕೆ ಇರುವ ಊಟ-ಪಾನೀಯದ ಜಾಗಗಳಿಗೆಲ್ಲ ಇದು ಅನ್ವಯ. ಬರೀ ವಾದ್ಯಸಂಗೀತವಿದ್ದು ಜನ ಕೂತು ಕೇಳಿದರೆ ತೆರಿಗೆಯಿಲ್ಲ. ಕೆಲವೇ ತಿಂಗಳಲ್ಲಿ ದರ ಶೇ. 20ಕ್ಕೆ ಇಳಿದರೂ ಎಷ್ಟೋ ಮಾಲೀಕರು ಕುಣಿತದ ನೆಲಕ್ಕೆ ಮೇಜು ಜೋಡಿಸಿಬಿಟ್ಟರು. ಸಂಗೀತದ ರೂಪವನ್ನು ಕಲಾವಿದರ ಹಂಬಲ ಎಷ್ಟು ನಿರ್ಧರಿಸುತ್ತದೆಯೋ ಕಂದಾಯದ ಕಾನೂನೂ ಅಷ್ಟೇ ನಿರ್ಧರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಯುದ್ಧ ಮುಗಿದ ಮೇಲೂ ಪರಿಸ್ಥಿತಿ ತಿರುಗಲಿಲ್ಲ. ಊರಿಗೆ ಮರಳಿದ ಯುವಕರು ಮದುವೆಯಾಗಿ ಮನೆ ಹೂಡಿದರು. ರಾತ್ರಿ ಹೊರಗೆ ಹೋಗುವವರು ಕಡಿಮೆಯಾದರು, ವಾದಕರ ಸಂಬಳ ಮಾತ್ರ ಯುದ್ಧಕಾಲದ ಮಟ್ಟದಲ್ಲೇ ಉಳಿಯಿತು. 1946ರ ಕೊನೆಯ ವಾರಗಳಲ್ಲಿ ಬೆನ್ನಿ ಗುಡ್‌ಮನ್, ಟಾಮಿ ಡಾರ್ಸಿ, ಹ್ಯಾರಿ ಜೇಮ್ಸ್, ವುಡಿ ಹರ್ಮನ್, ಲೆಸ್ ಬ್ರೌನ್ ಮೊದಲಾದವರು ತಮ್ಮ ಬ್ಯಾಂಡ್‌ಗಳನ್ನು ವಿಸರ್ಜಿಸಿದರು. ಕೆಲವರು ಮತ್ತೆ ಕಟ್ಟಿದರು, ಆದರೆ ಯುಗ ಮರಳಲಿಲ್ಲ. ಬೇಸಿ 1950ರಲ್ಲಿ ಚಿಕ್ಕ ತಂಡಕ್ಕಿಳಿದು 1952ರಲ್ಲಿ ದೊಡ್ಡ ಬ್ಯಾಂಡ್ ಕಟ್ಟಿದ. ಎಲಿಂಗ್ಟನ್ ತನ್ನ ಹಾಡುಗಳ ಗೌರವಧನವನ್ನು ಸುರಿದು ಬ್ಯಾಂಡನ್ನು ಉಳಿಸಿಕೊಂಡ. ಈ ವಿಸರ್ಜನೆಗಳ ಹೊತ್ತಿಗೆ ಬೀಬಾಪ್‌ನ ಮುಖ್ಯ ತಟ್ಟೆಗಳು ಹೊರಬಂದು ಒಂದೆರಡು ವರ್ಷವಷ್ಟೇ ಆಗಿತ್ತು, ಅವುಗಳ ಮಾರಾಟವೂ ಅಲ್ಪ. ಅಷ್ಟು ಚಿಕ್ಕ ಕೇಳುಗರ ಬಳಗ ಅಷ್ಟು ದೊಡ್ಡ ಉದ್ಯಮವನ್ನು ಉರುಳಿಸಿತೆಂದು ನಂಬುವುದು ಕಷ್ಟ.

ಹಾರ್ಲೆಮ್‌ನ ನಡುರಾತ್ರಿಗಳು

ಹಾರ್ಲೆಮ್‌ನ 118ನೇ ಬೀದಿಯ ಸೆಸಿಲ್ ಹೋಟೆಲಿನಲ್ಲಿ ಹೆನ್ರಿ ಮಿಂಟನ್ ಎಂಬ ಸ್ಯಾಕ್ಸಫೋನ್ ವಾದಕ 1938ರಲ್ಲಿ ‘ಮಿಂಟನ್ಸ್ ಪ್ಲೇಹೌಸ್’ ತೆರೆದ. 1940ರ ಕೊನೆಗೆ ಅದರ ಉಸ್ತುವಾರಿಗೆ ಬಂದ ಟೆಡ್ಡಿ ಹಿಲ್ ಸ್ವತಃ ಹಿಂದೆ ಬ್ಯಾಂಡ್ ನಡೆಸಿದ್ದವನು. ಆತ ಡ್ರಮ್ಸ್‌ಗೆ ಕೆನ್ನಿ ಕ್ಲಾರ್ಕ್‌ನನ್ನೂ ಪಿಯಾನೊಗೆ ಥೆಲೋನಿಯಸ್ ಮಾಂಕ್‌ನನ್ನೂ ನೇಮಿಸಿದ. ಸೋಮವಾರ ರಾತ್ರಿ ಬಂದ ವಾದಕರಿಗೆ ಊಟವೂ ಪಾನೀಯವೂ ಉಚಿತ. ಸಂಬಳವಿಲ್ಲದೆ ಒಟ್ಟಿಗೆ ಕೂತು ನುಡಿಸುವ ಜ್ಯಾಮ್ ಗೋಷ್ಠಿಗಳನ್ನು ಒಕ್ಕೂಟ ನಿಷೇಧಿಸಿ, ಸಿಕ್ಕಿಬಿದ್ದವರಿಗೆ ದಂಡ ಹಾಕುತ್ತಿತ್ತು. ಮಿಂಟನ್ ಒಕ್ಕೂಟದ ಪ್ರತಿನಿಧಿಯೂ ಆಗಿದ್ದರಿಂದ ಇಲ್ಲಿ ಆ ಭಯವಿರಲಿಲ್ಲ. ಇಲ್ಲಿ ಮುಗಿದ ಮೇಲೂ ತಣಿಯದವರು 134ನೇ ಬೀದಿಯ ‘ಮನ್ರೋಸ್ ಅಪ್‌ಟೌನ್ ಹೌಸ್’ಗೆ ಹೋಗಿ ಬೆಳಗಾಗುವವರೆಗೆ ನುಡಿಸುತ್ತಿದ್ದರು.

ಬೇಡದವರನ್ನು ವೇದಿಕೆಯಿಂದ ದೂರವಿಡಲು ಕಷ್ಟದ ಶ್ರುತಿಗಳನ್ನೂ ಬದಲಾಯಿಸಿದ ಕಾರ್ಡ್‌ಗಳನ್ನೂ ಬೇಕೆಂದೇ ಹಿಡಿಯುತ್ತಿದ್ದೆವು ಎಂದು ಅಲ್ಲಿದ್ದವರು ಮುಂದೆ ನೆನಪಿಸಿಕೊಂಡಿದ್ದಾರೆ. ಗುಡ್‌ಮನ್ ಬ್ಯಾಂಡಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ದಿನದ ಕೆಲಸ ಮುಗಿಸಿ ಮಿಂಟನ್ಸ್‌ಗೆ ಓಡಿ ಬರುತ್ತಿದ್ದ. ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ 1941ರಲ್ಲಿ ತನ್ನ ಯಂತ್ರ ತಂದು ಹಿಡಿದಿಟ್ಟ ಧ್ವನಿಮುದ್ರಣಗಳಲ್ಲಿ ಆತನ ವಾದನವನ್ನು ಇಂದಿಗೂ ಕೇಳಬಹುದು. ಸ್ವಿಂಗ್‌ನ ಅತಿ ಪ್ರಸಿದ್ಧ ಬ್ಯಾಂಡಿನ ಸಂಬಳಗಾರ ಹೊಸ ಸಂಗೀತದ ಹೊಸ್ತಿಲಲ್ಲಿ ನಿಂತಿರುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕ್ಷಯ ತಗಲಿ 1942ರ ಮಾರ್ಚ್‌ನಲ್ಲಿ ಆತ ಸತ್ತಾಗ ವಯಸ್ಸು 25.

ಈ ಹೊಸ ಹಾದಿಯ ಇಬ್ಬರು ನಾಯಕರು ಸ್ವಭಾವದಲ್ಲಿ ಉತ್ತರ-ದಕ್ಷಿಣ. ದಕ್ಷಿಣ ಕ್ಯಾರೊಲಿನದ ಚಿರಾ ಊರಿನಲ್ಲಿ 1917ರಲ್ಲಿ ಹುಟ್ಟಿದ ಡಿಝ್ಝಿ ಗಿಲೆಸ್ಪಿ ಟ್ರಂಪೆಟ್ ವಾದಕ, ಕಾರ್ಡ್‌ಗಳ ಶಾಸ್ತ್ರವನ್ನು ಪಿಯಾನೊ ಮುಂದೆ ಕೂತು ಬಿಡಿಸಿ ಇತರರಿಗೂ ಕಲಿಸುವವನು, ವೇದಿಕೆಯಲ್ಲಿ ನಗೆಗಾರ. ಕಾನ್ಸಾಸ್ ಸಿಟಿಯಲ್ಲಿ 1920ರಲ್ಲಿ ಹುಟ್ಟಿದ ಆಲ್ಟೊ ಸ್ಯಾಕ್ಸಫೋನ್ ವಾದಕ ಚಾರ್ಲಿ ಪಾರ್ಕರ್ ಹದಿಹರೆಯದಲ್ಲಿ ಜ್ಯಾಮ್ ಗೋಷ್ಠಿಯೊಂದರಲ್ಲಿ ಎಡವಿದಾಗ ಜೋ ಜೋನ್ಸ್ ತಾಳತಟ್ಟೆಯನ್ನು ನೆಲಕ್ಕೆ ಬಿಸಾಡಿ ಅವಮಾನಿಸಿದ ಕಥೆ ಪ್ರಸಿದ್ಧ. ಆ ಹುಡುಗ ಹಟ ಹಿಡಿದು ಅಭ್ಯಾಸ ಮಾಡಿ, ಜೇ ಮ್ಯಾಕ್‌ಶಾನ್‌ನ ಬ್ಯಾಂಡಿನೊಂದಿಗೆ ನ್ಯೂಯಾರ್ಕಿಗೆ ಬಂದ. 1943ರಲ್ಲಿ ಅರ್ಲ್ ಹೈನ್ಸ್‌ನ ದೊಡ್ಡ ಬ್ಯಾಂಡಿನಲ್ಲಿ, 1944ರಲ್ಲಿ ಗಾಯಕ ಬಿಲ್ಲಿ ಎಕ್‌ಸ್ಟೈನ್‌ನ ಬ್ಯಾಂಡಿನಲ್ಲಿ ಇಬ್ಬರೂ ಜೊತೆಗಿದ್ದರು. ಗಾಯಕಿ ಸಾರಾ ವಾನ್ ಎರಡರಲ್ಲೂ ಇದ್ದಳು. ಆಗಿನ ಹೈನ್ಸ್ ಬ್ಯಾಂಡಿನ ಒಂದು ತಟ್ಟೆಯೂ ಇಲ್ಲ, ಏಕೆಂದರೆ ಅದು ಬಹಿಷ್ಕಾರದ ಕಾಲ. ಬೀಬಾಪ್ ಮೊಳೆತು ಕುಡಿಯೊಡೆದ ಆ ಎರಡು ವರ್ಷ ಹಾರ್ಲೆಮ್‌ನ ಹೊರಗಿನ ಕೇಳುಗರಿಗೆ ಮೌನವಾಗಿಯೇ ಕಳೆದವು. 1945ರಲ್ಲಿ ತಟ್ಟೆಗಳು ಬಂದಾಗ ಅದು ಆಕಾಶದಿಂದ ಬಿದ್ದ ಕ್ರಾಂತಿಯಂತೆ ಕಂಡದ್ದಕ್ಕೆ ಈ ಮೌನವೂ ಒಂದು ಕಾರಣ.

ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ಹಿಂದಿನ ತಲೆಮಾರಿನವಳು. ಹಾರ್ಲೆಮ್‌ನ ಹ್ಯಾಮಿಲ್ಟನ್ ಟೆರೇಸ್‌ನಲ್ಲಿದ್ದ ಅವಳ ಮನೆಗೆ ಮಾಂಕ್, ಗಿಲೆಸ್ಪಿ, ಪಿಯಾನೊ ವಾದಕ ಬಡ್ ಪವೆಲ್ ಮುಂತಾದವರು ಹೊತ್ತುಗೊತ್ತಿಲ್ಲದೆ ಬಂದು ಹೊಸ ರಚನೆಗಳನ್ನು ತೋರಿಸಿ ಸಲಹೆ ಕೇಳುತ್ತಿದ್ದರು. ತಲೆಮಾರುಗಳ ನಡುವೆ ಗೋಡೆಯಿತ್ತು ಎನ್ನುವವರಿಗೆ ಈ ಮನೆಯೇ ಉತ್ತರ.

ಸಂಗೀತದಲ್ಲಿ ಬದಲಾದದ್ದು

ಮೊದಲ ಬದಲಾವಣೆ ಲಯದಲ್ಲಿ. ಕೆನ್ನಿ ಕ್ಲಾರ್ಕ್ ಅಖಂಡ ನಡೆಯನ್ನು ಕಾಲಿನ ಡ್ರಮ್ಮಿನಿಂದ ತೆಗೆದು ಬಲಗೈಯ ದೊಡ್ಡ ತಾಳತಟ್ಟೆಗೆ ಒಯ್ದ. ಆಗ ಕಾಲಿಗೂ ಎಡಗೈಗೂ ಬಿಡುವು ಸಿಕ್ಕಿತು. ನಿರೀಕ್ಷಿಸದ ಕಡೆ ಬೀಳುವ ಘಾತಗಳಿಂದ ಅವು ಮುಂಚೂಣಿಯ ವಾದಕನನ್ನು ಕೆಣಕತೊಡಗಿದವು. ನಡೆಯನ್ನು ಹಿಡಿದು ನಿಲ್ಲಿಸುವ ಹೊಣೆ ಬಾಸ್ ವಾದಕನ ಹೆಗಲಿಗೆ ಬಂತು. ಪಿಯಾನೊ ವಾದಕನ ಎಡಗೈ ಸತತ ಲಯ ಕೊಡುವುದನ್ನು ಬಿಟ್ಟು ಅಲ್ಲಲ್ಲಿ ಕಾರ್ಡ್‌ಗಳನ್ನು ಚುಚ್ಚುವಂತೆ ನುಡಿಸಿತು. ಕ್ಲಾರ್ಕ್ 1943ರಲ್ಲಿ ಸೈನ್ಯಕ್ಕೆ ಹೋದಾಗ ಮ್ಯಾಕ್ಸ್ ರೋಚ್ ಎಂಬ ತರುಣ ಆ ಜಾಗ ತುಂಬಿ ಇದನ್ನು ಮತ್ತಷ್ಟು ಸೂಕ್ಷ್ಮಗೊಳಿಸಿದ.

ಎರಡನೆಯದು ಸ್ವರಗಳ ಆಯ್ಕೆ. ಸ್ವಿಂಗ್ ವಾದಕ ಕಾರ್ಡಿನ ಒಳಗಿರುವ ಸ್ವರಗಳ ಸುತ್ತ ಹೆಚ್ಚಾಗಿ ಸುಳಿಯುತ್ತಿದ್ದ. ಬೀಬಾಪ್ ವಾದಕರು ಅದೇ ಕಾರ್ಡಿನ ಮೇಲಕ್ಕೆ ಒಂಬತ್ತನೆಯ, ಹನ್ನೊಂದನೆಯ, ಹದಿಮೂರನೆಯ ಸ್ವರಗಳವರೆಗೆ ಹತ್ತಿದರು, ಐದನೆಯ ಸ್ವರವನ್ನು ಅರ್ಧ ಇಳಿಸಿ ಅದನ್ನೇ ತಮ್ಮ ಗುರುತಾಗಿಸಿಕೊಂಡರು. ಒಂದು ಕಾರ್ಡಿದ್ದ ಕಡೆ ಎರಡು ಕಾರ್ಡ್ ತೂರಿಸಿದರು.

ರಚನೆಯ ವಿಧಾನವೂ ವಿಶಿಷ್ಟ. ಜನಪ್ರಿಯ ಹಾಡೊಂದರ ಕಾರ್ಡ್‌ಗಳ ಹಂದರವನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಪೂರಾ ಹೊಸ ರಾಗ ಕೂಡಿಸುವುದು. ‘ಹೌ ಹೈ ದ ಮೂನ್’ ಹಾಡಿನ ಹಂದರದ ಮೇಲೆ ‘ಆರ್ನಿಥಾಲಜಿ’ ನಿಂತಿತು, ‘ವಿಸ್ಪರಿಂಗ್’ ಮೇಲೆ ‘ಗ್ರೂವಿನ್ ಹೈ’. ಗರ್ಶ್ವಿನ್‌ನ ‘ಐ ಗಾಟ್ ರಿದಮ್’ ಹಂದರದ ಮೇಲಂತೂ ಲೆಕ್ಕವಿಲ್ಲದಷ್ಟು ರಚನೆಗಳಿವೆ. ಹಕ್ಕುಸ್ವಾಮ್ಯ ರಾಗಕ್ಕೆ ಉಂಟು, ಕಾರ್ಡ್‌ಗಳ ಸರಣಿಗೆ ಇಲ್ಲ. ಮೂಲ ರಚನಕಾರನಿಗೆ ಹಣ ಕೊಡುವುದು ತಪ್ಪುತ್ತದೆಂದು ಸಣ್ಣ ಧ್ವನಿಮುದ್ರಣ ಕಂಪನಿಗಳಿಗೂ ಇದು ಒಪ್ಪಿಗೆ.

ಈ ವಿಧಾನದ ಶಿಖರ ‘ಕೋಕೋ’. ರೇ ನೋಬಲ್ 1938ರಲ್ಲಿ ರಚಿಸಿದ ‘ಚೆರೊಕೀ’ 64 ಬಾರ್‌ಗಳ ಉದ್ದದ ಹಾಡು. 1939ರಲ್ಲಿ ಚಾರ್ಲಿ ಬಾರ್ನೆಟ್‌ನ ಸ್ವಿಂಗ್ ಬ್ಯಾಂಡ್ ಅದನ್ನು ನುಡಿಸಿದಾಗ ದೇಶವೆಲ್ಲ ಕುಣಿಯಿತು. ಅದರ ನಡುಭಾಗದ ಶ್ರುತಿ ಬದಲಾವಣೆಗಳು ವಾದಕರಿಗೆ ತೊಡಕಿನವು. ಪಾರ್ಕರ್ ವರ್ಷಗಟ್ಟಲೆ ಅದರ ಮೇಲೆ ದುಡಿದ. 1945ರ ನವೆಂಬರ್ 26ರಂದು ಸವಾಯ್ ಕಂಪನಿಗಾಗಿ ಧ್ವನಿಮುದ್ರಿಸುವಾಗ ಮೊದಲ ಯತ್ನದಲ್ಲಿ ಮೂಲ ರಾಗದೊಳಗೆ ಕಾಲಿಟ್ಟು, ನಡುವೆಯೇ ನಿಲ್ಲಿಸಿದರು. ಮುಂದಿನ ಯತ್ನದಲ್ಲಿ ‘ಚೆರೊಕೀ’ಯ ರಾಗ ಎಲ್ಲೂ ಇಲ್ಲ. ಪಾರ್ಕರ್ ಮತ್ತು ಗಿಲೆಸ್ಪಿ ಚೂಪಾದ ಪೀಠಿಕೆ ಹಾಕುತ್ತಾರೆ, ಅದು ಮುಗಿದ ಕ್ಷಣದಿಂದ ಪಾರ್ಕರ್‌ನ ಕಲ್ಪನೆ ನಿಮಿಷಕ್ಕೆ ಸುಮಾರು 300 ಮಾತ್ರೆಗಳ ವೇಗದಲ್ಲಿ ಹರಿಯುತ್ತದೆ. ಆ ವೇಗದಲ್ಲೂ ಪ್ರತಿ ಪದಗುಚ್ಛಕ್ಕೂ ಒಂದು ತಿರುವು, ಒಂದು ಉಸಿರು ಇದೆ. ಅವಸರ ಮಾತ್ರ ಎಲ್ಲೂ ಇಲ್ಲ. ಮೂರು ನಿಮಿಷ ತುಂಬದ ಈ ತಟ್ಟೆಯನ್ನು ಇಪ್ಪತ್ತನೆಯ ಶತಮಾನದ ಮಹತ್ವದ ಧ್ವನಿಮುದ್ರಣಗಳ ಸಾಲಿನಲ್ಲಿ ಇಡಲು ಹಿಂಜರಿಯಬೇಕಿಲ್ಲ. ಬಾರ್ನೆಟ್‌ನ ತಟ್ಟೆ ಮತ್ತು ಇದನ್ನು ಒಂದರ ಬೆನ್ನಿಗೆ ಒಂದು ಕೇಳಿದರೆ ಆರು ವರ್ಷಗಳಲ್ಲಿ ಜಾಝ್ ನಡೆದ ದೂರ ಕಿವಿಗೇ ತಿಳಿಯುತ್ತದೆ.

ಇದಕ್ಕೆ ಮೊದಲೇ, 1944ರ ಫೆಬ್ರವರಿಯಲ್ಲಿ, ಕೋಲ್ಮನ್ ಹಾಕಿನ್ಸ್ ತನ್ನ ಹೆಸರಿನ ಧ್ವನಿಮುದ್ರಣಕ್ಕೆ ಗಿಲೆಸ್ಪಿ ಮತ್ತು ರೋಚ್‌ರನ್ನು ಕರೆಸಿಕೊಂಡಿದ್ದ. ಬೀಬಾಪ್‌ನ ಮೊದಲ ತಟ್ಟೆಗಳೆಂದು ಹಲವರು ಇವನ್ನೇ ಹೆಸರಿಸುತ್ತಾರೆ. ನಲವತ್ತರ ಹತ್ತಿರವಿದ್ದ, ಸ್ವಿಂಗ್‌ನ ಹಿರಿಯನೆನಿಸಿದ್ದ ಹಾಕಿನ್ಸ್ ಹೊಸಬರಿಗೆ ಬಾಗಿಲು ತೆರೆದ ರೀತಿ ಮನಸ್ಸು ತುಂಬುವಂಥದು.

ಬೀದಿ, ಬಣ್ಣ, ಬೆಲೆ

ಹಾರ್ಲೆಮ್‌ನಿಂದ ಈ ಸಂಗೀತ ಮಧ್ಯ ಮ್ಯಾನ್‌ಹಟನ್ನಿನ 52ನೇ ಬೀದಿಗೆ ಇಳಿಯಿತು. ಹಳೆಯ ಮನೆಗಳ ನೆಲಮಾಳಿಗೆಗಳಲ್ಲಿದ್ದ ಆನಿಕ್ಸ್, ತ್ರೀ ಡ್ಯೂಸಸ್‌ನಂಥ ಇಕ್ಕಟ್ಟಾದ ಕ್ಲಬ್‌ಗಳಲ್ಲಿ ಕುಣಿಯಲು ಜಾಗವೇ ಇರಲಿಲ್ಲ, ಐದು ಮಂದಿ ನಿಂತರೆ ವೇದಿಕೆ ಭರ್ತಿ. 1949ರ ಡಿಸೆಂಬರ್‌ನಲ್ಲಿ ಅಲ್ಲೇ ಹತ್ತಿರ, ಬ್ರಾಡ್‌ವೇಯಲ್ಲಿ, ಪಾರ್ಕರ್‌ನ ಅಡ್ಡಹೆಸರಾದ ‘ಬರ್ಡ್’ನಿಂದ ಹೆಸರು ಪಡೆದ ‘ಬರ್ಡ್‌ಲ್ಯಾಂಡ್’ ಕ್ಲಬ್ ತೆರೆಯಿತು.

ಕಾಲದ ಬಿಸಿ ಈ ಸಂಗೀತದ ಮೈಯಲ್ಲಿದೆ. ಪ್ರಜಾಪ್ರಭುತ್ವಕ್ಕಾಗಿ ಹೋರಾಡುತ್ತಿದ್ದ ಸೈನ್ಯವೇ ಕಪ್ಪು ಸೈನಿಕರನ್ನು ಬೇರೆ ಇಟ್ಟಿತ್ತು. 1943ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ಸವಾಯ್ ನೃತ್ಯಶಾಲೆಯನ್ನು ಆರು ತಿಂಗಳು ಮುಚ್ಚಿಸಿದರು. ಕಪ್ಪು ಸೈನಿಕನೊಬ್ಬನಿಗೆ ಪೊಲೀಸನು ಗುಂಡು ಹಾರಿಸಿದ್ದರಿಂದ ಆ ಆಗಸ್ಟ್ 1ರಂದು ಹಾರ್ಲೆಮ್‌ನಲ್ಲಿ ದಂಗೆಯೆದ್ದಿತು. ಲೆಸ್ಟರ್ ಯಂಗ್‌ನನ್ನು ಸೈನ್ಯ ವಿಚಾರಣೆಗೊಳಪಡಿಸಿ ಸೆರೆಯಲ್ಲಿಟ್ಟಿತು. 1945ರಲ್ಲಿ ಬಡ್ ಪವೆಲ್ ಪೊಲೀಸರಿಂದ ತಲೆಗೆ ಪೆಟ್ಟು ತಿಂದ ಮೇಲೆ ಅವನ ಮನಸ್ಸಿನ ಆರೋಗ್ಯ ಪೂರಾ ಮರಳಲೇ ಇಲ್ಲ. ಕವಿ ಅಮಿರಿ ಬರಾಕಾ 1963ರ ‘ಬ್ಲೂಸ್ ಪೀಪಲ್’ ಪುಸ್ತಕದಲ್ಲಿ ಬೀಬಾಪನ್ನು ಪ್ರತಿಭಟನೆಯಾಗಿ ಓದಿದ. ಸಂಗೀತ ಇತಿಹಾಸಕಾರ ಸ್ಕಾಟ್ ಡೆವೊ 1997ರ ‘ದ ಬರ್ತ್ ಆಫ್ ಬೀಬಾಪ್’ನಲ್ಲಿ ಬೇರೆ ವಾದ ಮುಂದಿಟ್ಟ. ಅವನ ಪ್ರಕಾರ ಇವರು ವೃತ್ತಿಪರರು. ದೊಡ್ಡ ಬ್ಯಾಂಡಿನ ಬಾಗಿಲುಗಳು ಬಣ್ಣದ ಕಾರಣಕ್ಕೆ ಮುಚ್ಚಿದಾಗ, ತಮ್ಮ ಕೌಶಲವನ್ನೇ ಬಂಡವಾಳವಾಗಿಸಿ ಬದುಕಿನ ದಾರಿ ಹುಡುಕಿದವರು. ಸಾಕ್ಷ್ಯ ಡೆವೊನ ಕಡೆಗೆ ಹೆಚ್ಚು ವಾಲುತ್ತದೆ. ಆದರೆ ತಾವು ಕುಣಿಸುವವರಲ್ಲ, ಕಲಾವಿದರು ಎಂದು ತಲೆಯೆತ್ತಿ ನಿಂತ ಆ ಭಂಗಿಯಲ್ಲಿ ಬರಾಕಾ ಕಂಡದ್ದೂ ಇದೆ.

ವಿರೋಧವೂ ಕಟುವಾಗಿತ್ತು. ಗಿಲೆಸ್ಪಿಯ ಹಿಂದಿನ ಯಜಮಾನ ಕ್ಯಾಬ್ ಕ್ಯಾಲೊವೇಗೆ ಆತನ ಪ್ರಯೋಗಗಳು ಹಿಡಿಸಿರಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಬಹಿರಂಗವಾಗಿ ಟೀಕಿಸಿದ. ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಯೇ ನಿಜವಾದ ಜಾಝ್ ಎನ್ನುವವರು ಪತ್ರಿಕೆಗಳಲ್ಲಿ ಕಾದಾಡಿದರು. ಹೆಚ್ಚು ಹಾನಿ ಮಾಡಿದ್ದು ಮಾತ್ರ ಹೆರಾಯಿನ್. ಪಾರ್ಕರ್‌ನಂತೆ ನುಡಿಸಬೇಕೆಂದವರು ಅವನ ಚಟವನ್ನೂ ಅನುಕರಿಸಿದರು. ಟ್ರಂಪೆಟ್ ವಾದಕ ಫ್ಯಾಟ್ಸ್ ನವಾರೊ 1950ರಲ್ಲಿ 26ನೇ ವಯಸ್ಸಿಗೆ ಹೋದ. ಪಾರ್ಕರ್ 1955ರ ಮಾರ್ಚ್ 12ರಂದು 34ನೇ ವಯಸ್ಸಿಗೆ. 1951ರಲ್ಲಿ ಪೊಲೀಸ್ ಪರವಾನಗಿ ಕಳೆದುಕೊಂಡ ಮಾಂಕ್ ಸುಮಾರು ಆರು ವರ್ಷ ನ್ಯೂಯಾರ್ಕಿನ ಕ್ಲಬ್‌ಗಳಲ್ಲಿ ನುಡಿಸುವಂತಿರಲಿಲ್ಲ.

ಕವಲುಗಳು

ಕುಣಿಯುವವರು ಎಲ್ಲಿ ಹೋದರು? ಲೂಯಿ ಜೋರ್ಡನ್‌ನ ‘ಟಿಂಪನಿ ಫೈವ್’ನಂಥ ಚಿಕ್ಕ ತಂಡಗಳ ಕಡೆಗೆ. ಬ್ಲೂಸ್, ಬಲವಾದ ತಾಳ, ಗುಟುರು ಹಾಕುವ ಸ್ಯಾಕ್ಸಫೋನ್ ಬೆರೆಸಿದ ಆ ಸಂಗೀತ ರಿದಮ್ ಅಂಡ್ ಬ್ಲೂಸ್ ಆಗಿ, ಮುಂದೆ ರಾಕ್ ಅಂಡ್ ರೋಲ್‌ಗೆ ನೆಲ ಸಿದ್ಧಪಡಿಸಿತು. ಹೀಗೆ ಸ್ವಿಂಗ್‌ನ ಆಸ್ತಿ ಇಬ್ಭಾಗವಾಯಿತು. ಮನೋಧರ್ಮ ಒಂದು ಕಡೆಗೆ ಹೋಯಿತು, ಕುಣಿತ ಇನ್ನೊಂದು ಕಡೆಗೆ.

ಗಿಲೆಸ್ಪಿಗೆ ಈ ಇಬ್ಭಾಗ ಒಪ್ಪಿಗೆಯಿರಲಿಲ್ಲ. 1946ರಲ್ಲಿ ಆತ ಬೀಬಾಪ್ ನುಡಿಸುವ ದೊಡ್ಡ ಬ್ಯಾಂಡನ್ನೇ ಕಟ್ಟಿದ, 1947ರಲ್ಲಿ ಕ್ಯೂಬಾದ ಕಾಂಗಾ ವಾದಕ ಚಾನೊ ಪೊಸೊನನ್ನು ಸೇರಿಸಿಕೊಂಡು ‘ಮಂಟೆಕಾ’ ಕೊಟ್ಟ. ಪಾರ್ಕರ್‌ನ ತಂಡದಲ್ಲಿ ಹುಡುಗನಾಗಿ ಸೇರಿದ ಮೈಲ್ಸ್ ಡೇವಿಸ್ 1949–50ರಲ್ಲಿ ಒಂಬತ್ತು ಮಂದಿಯ ತಂಡದೊಂದಿಗೆ ನಿಧಾನದ, ತಂಪಾದ ‘ಕೂಲ್’ ಶೈಲಿಗೆ ಹಾದಿ ತೆರೆದ. ಡ್ರಮ್ ವಾದಕ ಆರ್ಟ್ ಬ್ಲೇಕಿ ಮುಂತಾದವರು 1950ರ ದಶಕದಲ್ಲಿ ಬ್ಲೂಸ್ ಮತ್ತು ಚರ್ಚಿನ ಹಾಡಿನ ಕಾವನ್ನು ಮರಳಿ ತಂದರು, ಅದು ಹಾರ್ಡ್ ಬಾಪ್.

ಪಾರ್ಕರ್‌ನ ಸ್ಯಾಕ್ಸಫೋನ್ ಭಾಷೆ ಕರ್ನಾಟಕವನ್ನೂ ಮುಟ್ಟಿದೆ. ಪಾರ್ಕರ್ ಪ್ರಭಾವದಲ್ಲಿ ಬೆಳೆದ ಬಾಸ್ಟನ್ನಿನ ಆಲ್ಟೊ ವಾದಕ ಚಾರ್ಲಿ ಮರಿಯಾನೊ ಮುಂದೆ ನಾಗಸ್ವರವನ್ನೂ ಕಲಿತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರೊಂದಿಗೆ ‘ಜ್ಯೋತಿ’ ಧ್ವನಿಸುರುಳಿಯಲ್ಲಿ ನುಡಿಸಿದ. ಅದು 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು. ಭಾರತೀಯ ಮೂಲದ ಅಮೆರಿಕನ್ ಆಲ್ಟೊ ವಾದಕ ರುದ್ರೇಶ್ ಮಹಂತಪ್ಪ 2008ರಲ್ಲಿ ಕರ್ನಾಟಕ ಸಂಗೀತದ ಸ್ಯಾಕ್ಸಫೋನ್ ವಾದಕ ಕದ್ರಿ ಗೋಪಾಲನಾಥ್ ಅವರ ಜೊತೆ ‘ಕಿನ್ಸ್‌ಮೆನ್’ ಮಾಡಿದ. 2015ರ ‘ಬರ್ಡ್ ಕಾಲ್ಸ್’ ಪೂರ್ತಿಯಾಗಿ ಪಾರ್ಕರ್‌ಗೆ ಸಲ್ಲಿಸಿದ್ದು. ಅದರಲ್ಲಿ ಮಹಂತಪ್ಪ ಪಾರ್ಕರ್‌ನ ರಾಗಗಳನ್ನು ಇದ್ದಂತೆ ನುಡಿಸುವುದಿಲ್ಲ, ಅವುಗಳ ತುಣುಕುಗಳನ್ನೂ ಲಯವಿನ್ಯಾಸಗಳನ್ನೂ ಬಿಡಿಸಿಕೊಂಡು ತನ್ನದೇ ರಚನೆಗಳನ್ನು ಕಟ್ಟುತ್ತಾನೆ.